ಪ್ರೂಫಿನ ಕೊನೆಯ ಸಾಲು

“ನಿಂಗಯ್ಯಾ!” ಎಂದು ಕೂಗಲು ತೆರೆದ ಬಾಯನ್ನು ಫೋರ್‌ಮನ್ ಚಾಮಯ್ಯ ಹಾಗೆಯೇ ಮುಚ್ಚಿಕೊಂಡರು. ನಿಂಗಯ್ಯ ಅಚ್ಚುಮೊಳೆ ಜೋಡಿಸಿ ತೆಗೆದುಕೊಟ್ಟಿದ್ದ ಲಗ್ನಪತ್ರಿಕೆಯ ಪ್ರೂಫಿನಲ್ಲಿ ಮದುಮಗಳ ತಂದೆಯ ಹೆಸರೇ ಬಿಟ್ಟುಹೋಗಿತ್ತು. ಕೃಷ್ಣಮೂರ್ತಿಪುರಂನ ಆ ತಂದೆಯೇ ಮಧ್ಯಾಹ್ನ ಪ್ರೆಸ್ಸಿಗೆ ಬರುವವರಿದ್ದರು. ಆದರೆ ಹಾಳೆ ಮಡಿಸುವ ಸಿದ್ದಲಿಂಗಮ್ಮ ಬೆಳಿಗ್ಗೆ ಹೇಳಿದ್ದು ಕಿವಿಯಲ್ಲಿತ್ತು: “ಮಿಷನ್ ನಡ್ಸೋ ರಾಚಪ್ಪಂಗೆ ಕೂಗಿದ್ರೇನೇ ಕೆಲ್ಸ ಓಡೋದು ಕಣಣ್ಣ. ನಿಂಗಯ್ಯಂಗೆ ಕೂಗ್ಬುಟ್ರೆ ಕೈ ನಡುಗಿ ಇನ್ನೊಂದು ತಪ್ಪು ಮಾಡ್ತಾನೆ. ಅವ್ನಿಗೆ ಬರ್ದು ಕೊಡಿ.”

ಸ್ವಾತಂತ್ರ್ಯ ಬಂದ ವರ್ಷ ಫೋರ್‌ಮನ್ ಆದಾಗಿನಿಂದ ಹತ್ತು ವರ್ಷ ಕೂಗುತ್ತಲೇ ಬಂದಿದ್ದ ಚಾಮಯ್ಯ, ಬಿಟ್ಟ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಪ್ರೂಫನ್ನು ನಿಂಗಯ್ಯನ ಎಲೆಅಡಿಕೆ ಡಬ್ಬಿಯ ಕೆಳಗಿಟ್ಟು ಸುಮ್ಮನೆ ಬಂದರು.

ಅರ್ಧ ಗಂಟೆಯಲ್ಲಿ ಹೊಸ ಪ್ರೂಫ್ ಮೇಜಿಗೆ ಬಂತು. ಹೆಸರು ಸರಿಯಾಗಿ ಕೂತಿತ್ತು. ಪತ್ರಿಕೆಯ ಕೆಳಗೆ, ಅತಿ ಸಣ್ಣ ಮೊಳೆಗಳಲ್ಲಿ ಜೋಡಿಸಿದ ಬೇರೊಂದು ಮಾತಿತ್ತು: ‘ಬೆಳಿಗ್ಗೆ ಸಿದ್ದಲಿಂಗಮ್ಮನವರು ಹೇಳಿದ್ದು ನನಗೂ ಕೇಳಿಸಿತ್ತು. ಇಬ್ಬರಿಂದಲೂ ಬಹಳ ಉಪಕಾರವಾಯಿತು. ಅಚ್ಚಿಗೆ ಮುಂಚೆ ಇದನ್ನು ತೆಗೆಯುತ್ತೇನೆ.’

ಸಿದ್ದಲಿಂಗಮ್ಮನಿಗೆ ಓದು ಬಾರದು. ಚಾಮಯ್ಯ ಆಕೆಯ ಬಳಿ ಹೋಗಿ ಮೆಲ್ಲಗೆ ಓದಿ ಹೇಳಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಗದರಿದರು: “ತಪ್ಪನ್ನ ಮೆತ್ತಗೆ ಹೇಳ್ಬೇಕು ಕಣಣ್ಣ. ಇದ್ನ ಜೋರಾಗಿ ಓದಿ!”

ಚಾಮಯ್ಯನ ಹಳೆಯ ಗಂಟಲು ಇಡೀ ಪ್ರೆಸ್ಸಿಗೆ ಕೇಳಿಸಿತು. ನಿಂಗಯ್ಯ ತಲೆ ಎತ್ತಲಿಲ್ಲ. ಮೊಳೆ ಜೋಡಿಸುತ್ತಿದ್ದ ಅವನ ಕೈ ನಡುಗಲೂ ಇಲ್ಲ.