ದಾಸವಾಳದ ಕಡ್ಡಿ

ಮೇಘಶ್ರೀಯ ಕೈ ಮತ್ತೆ ಕುಂಡದ ದಾಸವಾಳದ ಕಡ್ಡಿಯತ್ತ ಹೋಯಿತು. ಬಣಕಲ್ ಹತ್ತಿರದ ತವರುಮನೆಯನ್ನು ಕುಸಿದ ಗುಡ್ಡ ನುಂಗಿದ ಮೇಲೆ, ಅಂಗಳದಂಚಿನ ಗಿಡದಿಂದ ಮುರಿದು ತಂದ ಕಡ್ಡಿಗಳಲ್ಲಿ ಉಳಿದಿದ್ದು ಇದೊಂದೇ. ಕಾಡುಮಣ್ಣಿಗೆ ಕೊಳೆತ ಕಾಫಿಸಿಪ್ಪೆ ಬೆರೆಸಿ, ಬುಡಕ್ಕೆ ಲೋಳೆಸರದ ಅಂಟು ಸವರಿ ಎಲ್ಲವನ್ನೂ ನೆಟ್ಟಿದ್ದಳು. ಬೇರು ಬಂತೇ ಎಂದು ಕಿತ್ತು ಕಿತ್ತು ನೋಡಿ, ಮಿಕ್ಕವನ್ನೆಲ್ಲ ತಾನೇ ಒಣಗಿಸಿದ್ದಳು.

“ಮುಟ್ಬೇಡ ಮಾರಾಯ್ತಿ,” ಎಂದಳು ಜಗಲಿಯಲ್ಲಿ ಕೂತಿದ್ದ ತಾಯಿ ದ್ಯಾವಮ್ಮ. ಮನೆ ಹೋದಾಗಿನಿಂದ ಅವಳದೂ ಇಲ್ಲೇ, ಮಗಳ ಮನೆಯಲ್ಲೇ ವಾಸ. “ಅದನ್ನ ಅದರ ಪಾಡಿಗೆ ಬಿಡು.”

“ಸತ್ತಿದ್ರೆ ಸತ್ತಿದೆ ಅಂತಾದ್ರೂ ಗೊತ್ತಾಗ್ಲಿ ಅವ್ವ.”

ಎಳೆದಳು. ಕಡ್ಡಿ ಬರಲಿಲ್ಲ. ಇನ್ನೊಮ್ಮೆ, ಮೆಲ್ಲಗೆ ಎಳೆದಳು. ಒಳಗಿನಿಂದ ಯಾರೋ ಹಿಡಿದುಕೊಂಡಂತೆ ಬಿಗಿಯಾಗಿತ್ತು.

ಮೇಘಶ್ರೀ ಕೈ ಹಿಂದಕ್ಕೆ ತೆಗೆದುಕೊಂಡಳು. “ಅವ್ವ,” ಎಂದಳು, “ಇದು ಮಣ್ಣು ಬಿಡ್ತಾ ಇಲ್ಲ.”