ಎಡಮೂಲೆಯ ನೆರಳು

ಕುಣಿಯುವವರ ನೆರಳು ಪಾದದಿಂದ ಕಳಚಿಕೊಳ್ಳುವುದು ಯಾರಿಗೂ ಹೊಸದಲ್ಲ. ನೃತ್ಯ ಮುಗಿದ ಮೇಲೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರೆ ಅದು ತಾನಾಗಿ ಬಂದು ಅಂಟಿಕೊಳ್ಳುತ್ತದೆ. ಹಾಗೆ ನೆಲ ಮುಟ್ಟುವ ಮೊದಲೇ ಕುಸಿದು ಸತ್ತವಳು ಇಂದುಮತಿ. ಮೈಸೂರಿನ ಆ ರಂಗದ ಎಡಮೂಲೆಯಲ್ಲಿ ಅವಳ ನೆರಳು ಆರು ವರ್ಷದಿಂದ ಉಳಿದೇ ಇತ್ತು. ಕಸ ಗುಡಿಸುವವರು ಅದರ ಮೇಲೆ ಕಾಲಿಡದೆ ಗುಡಿಸುತ್ತಿದ್ದರು.

ಅದೇ ರಂಗಕ್ಕಾಗಿ ಶಾಲ್ಮಲಿ ಹನ್ನೊಂದು ಸಲ ಅರ್ಜಿ ಹಾಕಿದ್ದಳು. ಕೊನೆಗೆ ಅವಕಾಶ ಕೊಡಿಸಿದವನು ಮೃದಂಗದ ಶ್ರೀಕಂಠ, ಇಂದುಮತಿಯ ಗಂಡ. ಈಗ ಶಾಲ್ಮಲಿಯನ್ನು ಮದುವೆಯಾಗುತ್ತೇನೆ ಎನ್ನುತ್ತಿದ್ದ.

"ಮುಗಿಸೋವಾಗ ಎಡಕ್ಕೆ ಬಂದು ನಮಸ್ಕಾರ ಮಾಡು ಶಾಲೂ," ಎಂದ, ಅವಳು ಗೆಜ್ಜೆ ಕಟ್ಟಿಕೊಳ್ಳುತ್ತಿದ್ದಾಗ. "ಅಲ್ಲಿ ಬೆಳಕು ಚೆನ್ನಾಗಿದೆ."

"ಅಲ್ಲಿ ಅವರು ಇದಾರಲ್ರೀ?"

"ಏನೂ ಮಾಡಲ್ಲ ಅವಳು. ನಾನಿದೀನಲ್ಲ."

ಆ ಸಂಜೆ ಶಾಲ್ಮಲಿ ಮೈಮರೆತು ಕುಣಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಕಣ್ತುಂಬಿಕೊಂಡು, ಅವನು ಹೇಳಿದಂತೆಯೇ ಎಡಕ್ಕೆ ಸರಿದು ನೆಲ ಮುಟ್ಟಿದಳು. ಅಂಗಾಲಿಗೆ ತಣ್ಣಗೆ ಏನೋ ಹತ್ತಿಕೊಂಡಿತು.

ಪರದೆಯ ಹಿಂದೆ ಬಂದು ನೋಡಿಕೊಂಡಳು. ಅವಳು ಕಟ್ಟಿದ್ದು ತುರುಬು. ಕಾಲಬುಡದ ನೆರಳಿಗೆ ಮಂಡಿ ಮುಟ್ಟುವ ಜಡೆ.

ಶ್ರೀಕಂಠ ಮೃದಂಗವನ್ನೂ ಬಿಟ್ಟು ಓಡಿಬಂದ. ಶಾಲ್ಮಲಿಯ ಮುಖ ನೋಡಲಿಲ್ಲ. ನೆಲವನ್ನೇ ನೋಡುತ್ತ, "ಮನೆಗೆ ಹೋಗೋಣ ಬಾರೆ," ಎಂದ.

ರಂಗದ ಮೇಲೆ ಶಾಲ್ಮಲಿಯದೇ ನೆರಳು ಇನ್ನೂ ಕೈಮುಗಿದು ನಿಂತಿತ್ತು. ಅದನ್ನು ಕರೆತರಲೆಂದು ಶಾಲ್ಮಲಿ ಆ ಕಡೆ ಕಾಲೆತ್ತಿದಳು. ಕಾಲು ಶ್ರೀಕಂಠನ ಹಿಂದೆ ನಡೆಯಿತು.