ಐರಿಶ್ ಪಬ್ಬಿನಲ್ಲಿ ಒಂದು ಊಟ

ಕತಾರ್ ಬಿಟ್ಟ ಮೇಲೆ ನಾನು ಮತ್ತೆ ಅಲ್ಲಿಗೆ ಹೋಗಲೇ ಇಲ್ಲ. ಆದರೂ ಬಿಸಿ ಆಲೂಗಡ್ಡೆಗೆ ವಿನೆಗರ್ ಬಿದ್ದ ವಾಸನೆ ಬಂದರೆ ಈಗಲೂ ಆ ಶುಕ್ರವಾರ ನೆನಪಾಗುತ್ತದೆ.

ನಾನಾಗ ಒಂಬತ್ತು ವರ್ಷದ ಹುಡುಗಿ. ಅಪ್ಪನ ಹೊಸ ಕಂಪನಿ ಫ್ಯಾಮಿಲಿಗೆ ಮನೆ ಕೊಡುತ್ತಿರಲಿಲ್ಲ. ಮರುದಿನ ಅಮ್ಮ ಮತ್ತು ನಾನು ಮಂಗಳೂರಿಗೆ ಹೊರಡುವವರಿದ್ದೆವು. ಅಪ್ಪ ನಮ್ಮನ್ನು ನಾವಿದ್ದ ದುಖಾನ್ ಊರಿನಿಂದ ರಾಜಧಾನಿಯ ವೆಸ್ಟ್ ಬೇಯ ಹೋಟೆಲೊಂದರ ಐರಿಶ್ ಪಬ್ಬಿಗೆ ಕರೆದೊಯ್ದರು. ಮಧ್ಯಾಹ್ನದ ಊಟಕ್ಕೆ ಮಾತ್ರ ಅಲ್ಲಿ ಮಕ್ಕಳನ್ನು ಬಿಡುತ್ತಿದ್ದರು. ಕಪ್ಪು ಮರದ ಮೇಜು ಮೊಣಕೈಗೆ ಅಂಟುತ್ತಿತ್ತು.

“ಆರು ತಿಂಗಳು ಅಷ್ಟೇ ಮಗಾ, ನಿಮ್ಮನ್ನು ಪುನಃ ಕರೆಸ್ತೇನೆ,” ಎಂದರು ಅಪ್ಪ.

“ಅವಳತ್ರ ಆದ್ರೂ ಸುಳ್ಳು ಹೇಳ್ಬೇಡಿ ಮಾರಾಯ್ರೆ,” ಎಂದಳು ಅಮ್ಮ.

ಅಪ್ಪ ನನ್ನ ತಟ್ಟೆಯಲ್ಲಿ ವಿನೆಗರ್ ಹಾಕಿದ ಆಲೂಗಡ್ಡೆಯ ಪಕ್ಕದಲ್ಲಿದ್ದ ಮೀನನ್ನು ಬೆರಳಿನಿಂದ ಬಿಡಿಸುತ್ತಾ ಮುಳ್ಳು ಹುಡುಕುತ್ತಲೇ ಇದ್ದರು. ಅದರಲ್ಲಿ ಒಂದೂ ಮುಳ್ಳಿರಲಿಲ್ಲ.